ಇಡಿಟರಾಡ್: ಹಿಮದ ಹಾದಿಯಲ್ಲಿ ಸಾವಿರ ಮೈಲಿಯ ಶ್ವಾನ ಓಟ

ಪ್ರತಿವರ್ಷ ಮಾರ್ಚ್ ತಿಂಗಳ ಮೊದಲ ಶನಿವಾರ ಅಮೆರಿಕದ ಅಲಾಸ್ಕ ರಾಜ್ಯದ ಆಂಕರೇಜ್ ನಗರದಲ್ಲಿ ನಾಯಿಗಳು ಎಳೆಯುವ ಹಿಮಬಂಡಿಗಳು ಮೆರವಣಿಗೆಯಂತೆ ಸಾಗುತ್ತವೆ. ಇದು ವಿಧ್ಯುಕ್ತ ಚಾಲನೆ ಮಾತ್ರ. ನಿಜವಾದ ಪಂದ್ಯ ಆರಂಭವಾಗುವುದು ಅದರ ನಂತರ, ಸಾಮಾನ್ಯವಾಗಿ ವಿಲೋ ಎಂಬ ಊರಿನಿಂದ. ಅಲ್ಲಿಂದ ಬೇರಿಂಗ್ ಸಮುದ್ರ ತೀರದ ನೋಮ್ ಪಟ್ಟಣಕ್ಕೆ ಸುಮಾರು ಸಾವಿರ ಮೈಲಿ, ಅಂದರೆ 1,600 ಕಿ.ಮೀ. ಪರ್ವತಶ್ರೇಣಿ, ಹೆಪ್ಪುಗಟ್ಟಿದ ಯೂಕಾನ್ ನದಿ, ಕೊನೆಯಲ್ಲಿ ಸಮುದ್ರದ ಮಂಜುಗಡ್ಡೆ, ಇವೆಲ್ಲವನ್ನೂ ದಾಟಬೇಕು. ದೀರ್ಘ ದೂರದ ಶ್ವಾನ ಓಟಗಳಲ್ಲಿ ಅತ್ಯಂತ ಹೆಸರುವಾಸಿಯಾದ ‘ಇಡಿಟರಾಡ್’ ಇದೇ.

ನೋಮ್‌ವರೆಗಿನ ಮೊದಲ ಪಂದ್ಯ ನಡೆದದ್ದು 1973ರಲ್ಲಿ. ಹಿಮವಾಹನಗಳು ಬಂದ ಮೇಲೆ ಅಲಾಸ್ಕದ ಹಳ್ಳಿಗಳಲ್ಲಿ ನಾಯಿಗಳ ತಂಡಗಳು ಮರೆಯಾಗುತ್ತಿದ್ದುದನ್ನು ಕಂಡು ಕಳವಳಗೊಂಡ ಜೋ ರೆಡಿಂಗ್ಟನ್ ಇದರ ರೂವಾರಿ. ಮೊದಲ ವಿಜೇತ ಡಿಕ್ ವಿಲ್ಮಾರ್ತ್ ಗುರಿ ಮುಟ್ಟಲು 20 ದಿನ ಹಿಡಿಯಿತು. ಕೊನೆಯವನಿಗೆ 32 ದಿನ. 2017ರಲ್ಲಿ ಮಿಚ್ ಸೀವಿ 8 ದಿನ ಮೂರೂವರೆ ಗಂಟೆ ಮೀರುತ್ತಿದ್ದಂತೆ ನೋಮ್ ತಲುಪಿ ದಾಖಲೆ ಬರೆದರು. 1925ರಲ್ಲಿ ನೋಮ್‌ನಲ್ಲಿ ಗಂಟಲಮಾರಿ ಹಬ್ಬಿದಾಗ ಇಪ್ಪತ್ತು ಮಂದಿ ಸರದಿಯಲ್ಲಿ ನಾಯಿಬಂಡಿಗಳ ಮೇಲೆ ಔಷಧಿ ಸಾಗಿಸಿದ ಸಾಹಸದ ನೆನಪೂ ಈ ಪಂದ್ಯದೊಂದಿಗೆ ಬೆಸೆದುಕೊಂಡಿದೆ. ಆದರೆ ಪಂದ್ಯವೇ ಆ ಸಾಹಸದ ಮರುಪ್ರದರ್ಶನ ಎಂಬ ಪ್ರಚಲಿತ ನಂಬಿಕೆ ಪೂರ್ಣ ಸರಿಯಲ್ಲ. ಅಂದಿನ ಔಷಧಿ ಹೊರಟದ್ದು ನೆನಾನಾದಿಂದ, ಭಾಗಶಃ ಬೇರೆ ದಾರಿಯಲ್ಲಿ.

ಲಗಾಮಿಲ್ಲದ ಸಾರಥಿ

ಬಂಡಿಯ ಹಿಂದೆ ನಿಂತು ನಾಯಿಗಳನ್ನು ನಡೆಸುವವರಿಗೆ ‘ಮಶರ್’ ಎಂದು ಹೆಸರು. ಅವರ ಕೈಯಲ್ಲಿ ಲಗಾಮಿಲ್ಲ, ಚಾವಟಿಯೂ ಇಲ್ಲ. ‘ಜೀ’ ಎಂದರೆ ಬಲಕ್ಕೆ, ‘ಹಾ’ ಎಂದರೆ ಎಡಕ್ಕೆ. ಈ ಕೂಗನ್ನು ಅರಿತು ತಂಡವನ್ನು ತಿರುಗಿಸುವುದು ಮುಂಚೂಣಿಯ ನಾಯಿಯ ಹೊಣೆ. ಬಂಡಿಗೆ ತಾಗಿ ಓಡುವ ಜೋಡಿಗೆ ಭಾರ ತಾಳುವ ಕಸುವು ಇರಬೇಕು. ಇವು ಪ್ರದರ್ಶನಗಳಲ್ಲಿ ಕಾಣುವ ಶುದ್ಧ ತಳಿಯ ನಾಯಿಗಳಲ್ಲ. ಓಟಕ್ಕೆಂದೇ ತಲೆಮಾರುಗಳಿಂದ ಆರಿಸಿ ಬೆಳೆಸಿದ, ಇಪ್ಪತ್ತು-ಇಪ್ಪತ್ತೈದು ಕಿಲೋ ತೂಗುವ ಮಿಶ್ರತಳಿಯ ‘ಅಲಾಸ್ಕನ್ ಹಸ್ಕಿ’ಗಳು.

ಸ್ಪರ್ಧೆಗೆ ಇಳಿಯುವ ಮೊದಲು ಮಶರ್ ಅರ್ಹತಾ ಪಂದ್ಯಗಳನ್ನು ಪೂರೈಸಿರಬೇಕು. ನಾಯಿಗಳಿಗೆ ರಕ್ತಪರೀಕ್ಷೆ, ಹೃದಯದ ಇ.ಸಿ.ಜಿ. ಕಡ್ಡಾಯ. 2019ರಲ್ಲಿ ತಂಡದ ಗರಿಷ್ಠ ಮಿತಿ 16ರಿಂದ 14 ನಾಯಿಗಳಿಗೆ ಇಳಿದಿತ್ತು. ದಣಿದ ಅಥವಾ ಗಾಯಗೊಂಡ ನಾಯಿಯನ್ನು ತಪಾಸಣಾ ಠಾಣೆಯಲ್ಲಿ ಪಶುವೈದ್ಯರಿಗೆ ಒಪ್ಪಿಸಬಹುದು, ಆದರೆ ಅದರ ಬದಲಿಗೆ ಇನ್ನೊಂದನ್ನು ಕಟ್ಟುವಂತಿಲ್ಲ. ಪುರುಷರಿಗೂ ಮಹಿಳೆಯರಿಗೂ ಒಂದೇ ಪಂದ್ಯ, ಒಂದೇ ಬಹುಮಾನ. 1985ರಲ್ಲಿ ಬಿರುಗಾಳಿಗೆ ಅಂಜಿ ಉಳಿದವರು ಶಾಕ್‌ಟೂಲಿಕ್‌ನಲ್ಲಿ ತಂಗಿದಾಗ ಒಬ್ಬರೇ ಸಮುದ್ರದ ಮಂಜಿಗೆ ಇಳಿದ ಲಿಬಿ ರಿಡಲ್ಸ್ ಗೆದ್ದ ಮೊದಲ ಮಹಿಳೆಯಾದರು. ಅನಂತರದ ಐದು ವರ್ಷಗಳಲ್ಲಿ ಸೂಸನ್ ಬುಚರ್ ನಾಲ್ಕು ಬಾರಿ ಗೆದ್ದರು.

ರಿಡಲ್ಸ್ ಅವರಂಥ ಸಾಹಸವೇ ಜನಮನದಲ್ಲಿ ಉಳಿಯುವುದು ಸಹಜ. ಆದರೆ ಪಂದ್ಯದ ಸೋಲು ಗೆಲುವುಗಳು ಬಹುಮಟ್ಟಿಗೆ ತೀರ್ಮಾನವಾಗುವುದು ವಿಶ್ರಾಂತಿಯ ಲೆಕ್ಕಾಚಾರದಲ್ಲಿ. ಒಮ್ಮೆ 24 ಗಂಟೆ, ಯೂಕಾನ್ ನದಿಯ ಭಾಗದಲ್ಲಿ 8 ಗಂಟೆ, ನೋಮ್‌ಗೆ ಇನ್ನು 124 ಕಿ.ಮೀ. ಇರುವಾಗ ವೈಟ್ ಮೌಂಟನ್‌ನಲ್ಲಿ ಮತ್ತೆ 8 ಗಂಟೆ ನಿಲ್ಲಲೇಬೇಕು. ಉಳಿದದ್ದು ಮಶರ್ ವಿವೇಚನೆಗೆ ಬಿಟ್ಟದ್ದು. ವಿಶ್ರಾಂತಿ ಎಂಬುದೂ ನಾಯಿಗಳಿಗೆ ಮಾತ್ರ. ಠಾಣೆ ತಲುಪಿದೊಡನೆ ಹುಲ್ಲು ಹಾಸಬೇಕು, ಹಿಮ ಕರಗಿಸಿ ನೀರು ಕಾಯಿಸಬೇಕು, ಮಾಂಸ, ಕೊಬ್ಬು ಬೆರೆಸಿದ ಆಹಾರ ಉಣಿಸಬೇಕು. ಪಂದ್ಯದಲ್ಲಿ ಒಂದು ನಾಯಿಗೆ ದಿನಕ್ಕೆ ಸುಮಾರು 10,000 ಕ್ಯಾಲೊರಿ ಬೇಕು. ಹಿಮದ ಹರಳು ಅಂಗಾಲನ್ನು ಕೊರೆಯದಂತೆ ತೊಡಿಸಿದ ಬಟ್ಟೆಯ ಕಾಲುಚೀಲಗಳನ್ನು ಕಳಚಿ, ಪಾದಗಳನ್ನು ಒಂದೊಂದಾಗಿ ನೋಡಿ, ಮುಲಾಮು ಹಚ್ಚಿ, ಹೊರಡುವ ಮುನ್ನ ಮತ್ತೆ ತೊಡಿಸಬೇಕು. ಹದಿನಾಲ್ಕು ನಾಯಿಗಳೆಂದರೆ ಐವತ್ತಾರು ಪಾದ. ಹೊರಗಿನವರ ನೆರವು ಪಡೆಯುವಂತಿಲ್ಲ. ಇಷ್ಟಾದ ಮೇಲೆ ಮಶರ್‌ಗೆ ಒಂದೆರಡು ಗಂಟೆ ನಿದ್ರೆ ದಕ್ಕಿದರೆ ಅದೇ ಪುಣ್ಯ.

ತಂಡ ಮುನಿದರೆ ಏನಾಗುತ್ತದೆ ಎಂಬುದಕ್ಕೆ 2019ರ ಪಂದ್ಯ ಸಾಕ್ಷಿ. ಗಂಟೆಗಟ್ಟಲೆ ಮುಂದಿದ್ದ ನಿಕೊಲಾ ಪೆಟಿ ಶಾಕ್‌ಟೂಲಿಕ್ ದಾಟಿದ ಮೇಲೆ, ಇನ್ನೊಂದರ ಮೇಲೆರಗುತ್ತಿದ್ದ ನಾಯಿಯನ್ನು ಗದರಿದರು. ಇಡೀ ತಂಡ ನಿಂತುಬಿಟ್ಟಿತು. ಮುಂದಕ್ಕೆ ಒಂದಡಿ ಇಡಲು ಒಪ್ಪಲಿಲ್ಲ. ಪೆಟಿ ಪಂದ್ಯ ತೊರೆಯಬೇಕಾಯಿತು. ಪೀಟ್ ಕೈಸರ್ ಗೆದ್ದರು.

2014ರ ಕತೆ ಇನ್ನೂ ವಿಚಿತ್ರ. ಮುಂದಿದ್ದ ಜೆಫ್ ಕಿಂಗ್ ನೋಮ್ ಸಮೀಪ ಬಿರುಗಾಳಿಗೆ ಸಿಲುಕಿ ಹಿಂದೆ ಸರಿದರು. ಎರಡನೆಯವರಾಗಿದ್ದ ಆಲಿ ಝಿರ್ಕಲ್ ಕೊನೆಯ ಠಾಣೆಯಲ್ಲಿ ಗಾಳಿ ತಗ್ಗಲೆಂದು ಕಾದರು. ಹಿಂದಿನಿಂದ ಬಂದ ಡಲ್ಲಾಸ್ ಸೀವಿ ಇಬ್ಬರನ್ನೂ ಅರಿವಿಲ್ಲದೆ ದಾಟಿ, ತಮಗೆ ಮೂರನೆಯ ಸ್ಥಾನವೆಂದೇ ಭಾವಿಸಿ ನೋಮ್ ಮುಟ್ಟಿದರು. ಗೆದ್ದವರು ತಾವೇ ಎಂಬುದು ಅವರಿಗೆ ತಿಳಿದದ್ದು ಆಮೇಲೆ. ಝಿರ್ಕಲ್ ಎರಡೇ ನಿಮಿಷಗಳಷ್ಟು ಹಿಂದಿದ್ದರು.

ಇದೇ ಸೀವಿ 2024ರಲ್ಲಿ ಆರನೆಯ ಬಾರಿ ಗೆದ್ದು ಅತಿ ಹೆಚ್ಚು ಗೆಲುವಿನ ದಾಖಲೆ ಮಾಡಿದರು. ಆ ವರ್ಷ ತಂಡದ ಮೇಲೆ ನುಗ್ಗಿದ ಮೂಸ್ ಒಂದನ್ನು, ಅಂದರೆ ಕುದುರೆಯಷ್ಟು ದೊಡ್ಡದಾದ ಕಡವೆ ಜಾತಿಯ ಪ್ರಾಣಿಯನ್ನು, ಅವರು ಗುಂಡಿಟ್ಟು ಕೊಲ್ಲಬೇಕಾಯಿತು. ಆತ್ಮರಕ್ಷಣೆಗಾಗಿ ಕೊಂದರೂ ಮಾಂಸ ಹಾಳಾಗದಂತೆ ಕರುಳು ತೆಗೆಯಬೇಕೆಂಬ ನಿಯಮವಿದೆ. ಅದನ್ನು ಸರಿಯಾಗಿ ಪಾಲಿಸಲಿಲ್ಲವೆಂದು ಎರಡು ಗಂಟೆಗಳ ದಂಡ ಬಿತ್ತು.

ಆಕ್ಷೇಪ, ಬಿಸಿಲು

2024ರ ಪಂದ್ಯದಲ್ಲಿಯೇ ಮೂರು ನಾಯಿಗಳು ಸತ್ತವು. ಮರುವರ್ಷ ಇನ್ನೊಂದು ಅಸುನೀಗಿತು. ಪ್ರಾಣಿದಯಾ ಸಂಘಟನೆ ‘ಪೆಟಾ’ ಪಂದ್ಯವನ್ನು ನಿಲ್ಲಿಸಬೇಕೆಂದು ಒತ್ತಾಯಿಸುತ್ತ ಬಂದಿದೆ. ಈ ನಾಯಿಗಳು ಓಡಲೆಂದೇ ಹುಟ್ಟಿದವು, ಅವುಗಳಷ್ಟು ಆರೈಕೆ ಬೇರೆ ನಾಯಿಗಳಿಗಿಲ್ಲ ಎಂಬುದು ಮಶರ್‌ಗಳ ವಾದ. ಆರೈಕೆಯ ಮಾತು ಸುಳ್ಳಲ್ಲ. ಆದರೆ ಸಾವಿರ ಮೈಲಿಯ ದೂರವನ್ನು ನಿಗದಿ ಮಾಡಿದ್ದು ನಾಯಿಗಳಲ್ಲವಷ್ಟೆ. ಅಲಾಸ್ಕ ಏರ್‌ಲೈನ್ಸ್, ಎಕ್ಸಾನ್‌ಮೊಬಿಲ್‌ನಂತಹ ದೊಡ್ಡ ಪ್ರಾಯೋಜಕರು ಹಿಂದೆ ಸರಿದಿದ್ದಾರೆ. 2008ರಲ್ಲಿ ತೊಂಬತ್ತಕ್ಕೂ ಹೆಚ್ಚು ತಂಡಗಳು ಹೊರಟಿದ್ದರೆ, 2025ರಲ್ಲಿ ಹೊರಟದ್ದು 33 ಮಾತ್ರ. ವರ್ಷವಿಡೀ ಹತ್ತಾರು ನಾಯಿಗಳನ್ನು ಸಾಕುವ ವೆಚ್ಚಕ್ಕೆ ಬಹುಮಾನದ ಹಣ ಸಾಲದು.

ಹಿಮದ ಕೊರತೆ ಮತ್ತೊಂದು ಚಿಂತೆ. 2003ರಲ್ಲಿ ಮೊದಲ ಬಾರಿ ಹಿಮ ಸಾಲದೆ ಆರಂಭವನ್ನು ಉತ್ತರದ ಫೇರ್‌ಬ್ಯಾಂಕ್ಸ್‌ಗೆ ಸ್ಥಳಾಂತರಿಸಲಾಯಿತು. 2015, 2017 ಮತ್ತು 2025ರಲ್ಲಿಯೂ ಹಾಗೆಯೇ ಆಯಿತು. 2025ರಲ್ಲಂತೂ ದಾರಿ ಬದಲಾಗಿ ಪಂದ್ಯ 1,800 ಕಿ.ಮೀ. ಮೀರಿತು, ಗೆದ್ದ ಜೆಸ್ಸಿ ಹೋಮ್ಸ್‌ಗೆ ಹತ್ತೂವರೆ ದಿನ ಬೇಕಾದವು. ಅವರ ನಂತರವೂ ನೋಮ್‌ನ ದೀಪ ಉರಿಯುತ್ತಲೇ ಇತ್ತು. ಪಂದ್ಯ ಆರಂಭವಾದಾಗ ಹಚ್ಚುವ ಆ ಲಾಟೀನನ್ನು ಹಾದಿಯಲ್ಲಿರುವ ಕೊನೆಯ ಮಶರ್ ಊರು ಸೇರಿದ ಮೇಲಷ್ಟೇ ಆರಿಸುತ್ತಾರೆ.