ಗಂಗೋತ್ರಿಗೆ ಮೊದಲು, ಗಂಗೋತ್ರಿಯ ಅನಂತರ

ನಮ್ಮ ಹಿರಿಯರ ಕಾಲದಲ್ಲಿ ಮೈಸೂರಿನ ಹುಡುಗನೊಬ್ಬ ಬಿ.ಎ. ಪಾಸಾದನೆಂದರೆ ಅವನು ಮದರಾಸಿನ ಪದವೀಧರ. ಓದುವುದು ಮಹಾರಾಜಾ ಕಾಲೇಜಿನಲ್ಲೋ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲೋ. ಪಠ್ಯ ಗೊತ್ತುಮಾಡುವವರು, ಪ್ರಶ್ನಪತ್ರಿಕೆ ಬರೆಯುವವರು, ಕೊನೆಗೆ ಪದವಿಯ ಕಾಗದ ಕೊಡುವವರು ಎಲ್ಲರೂ ಮದರಾಸಿನವರು. ನಮ್ಮ ಮನೆಯ ಅಡಿಗೆಗೆ ಉಪ್ಪು ಸರಿಯಿದೆಯೆ ಎಂದು ಪಕ್ಕದೂರಿನವರನ್ನು ಕೇಳಿದ ಹಾಗೆ. ದಿವಾನ್ ವಿಶ್ವೇಶ್ವರಯ್ಯನವರಿಗೆ ಈ ಪರಾವಲಂಬನೆ ಸಹಿಸಲಿಲ್ಲ. ಹೊರದೇಶಗಳ ಉನ್ನತ ಶಿಕ್ಷಣವನ್ನು ಕಂಡು ಬರಲು ಸಿ. ಆರ್. ರೆಡ್ಡಿಯವರನ್ನೂ ಥಾಮಸ್ ಡೆನ್‌ಹ್ಯಾಮ್ ಅವರನ್ನೂ ನಿಯೋಜಿಸಲಾಯಿತು. ನಾಲ್ವಡಿ ಕೃಷ್ಣರಾಜ ಒಡೆಯರು ಕುಲಾಧಿಪತಿಗಳಾಗಿ, ಎಚ್. ವಿ. ನಂಜುಂಡಯ್ಯನವರು ಮೊದಲ ಉಪಕುಲಪತಿಗಳಾಗಿ, 1916ರ ಜುಲೈ 27ರಂದು ಮೈಸೂರು ವಿಶ್ವವಿದ್ಯಾನಿಲಯ ಅಸ್ತಿತ್ವಕ್ಕೆ ಬಂತು. ಬ್ರಿಟಿಷರ ನೇರ ಆಡಳಿತದ ಹೊರಗೆ, ದೇಶೀಯ ಸಂಸ್ಥಾನವೊಂದರಲ್ಲಿ ಹುಟ್ಟಿದ ಮೊದಲ ವಿಶ್ವವಿದ್ಯಾನಿಲಯ ಅದು.

ಹುಟ್ಟಿದಾಗ ಅದಕ್ಕೆ ಸ್ವಂತ ಮನೆಯೆಂಬುದು ಇರಲಿಲ್ಲ. ಎರಡು ಊರುಗಳಲ್ಲಿ ಎರಡು ಕಾಲೇಜು. ಮೈಸೂರಿನದು ಸಾಹಿತ್ಯ ತತ್ತ್ವಶಾಸ್ತ್ರಗಳ ಪಾಲು, ಬೆಂಗಳೂರಿನದು ವಿಜ್ಞಾನದ ಪಾಲು. ಒಂದು ಕಾಲು ಅಲ್ಲಿ, ಒಂದು ಕಾಲು ಇಲ್ಲಿ. ಈ ಇಬ್ಬಂದಿತನ ಬಹುಕಾಲ ನಡೆಯಿತು. ಆದರೂ ಕೊರತೆಯ ಆ ಕಾಲದಲ್ಲಿ ಎಂಥ ಅಧ್ಯಾಪಕರಿದ್ದರು! ಹಿರಿಯಣ್ಣನವರು ಭಾರತೀಯ ದರ್ಶನಗಳನ್ನು ಪಾಠ ಹೇಳುತ್ತಿದ್ದರು. 1918ರಲ್ಲಿ ಬಂದ ರಾಧಾಕೃಷ್ಣನ್ ಅವರು 1921ರಲ್ಲಿ ಕಲ್ಕತ್ತೆಗೆ ಹೊರಟಾಗ, ವಿದ್ಯಾರ್ಥಿಗಳು ಸಾರೋಟಿನ ಕುದುರೆಗಳನ್ನು ಬಿಚ್ಚಿ ತಾವೇ ರೈಲು ನಿಲ್ದಾಣದವರೆಗೆ ಎಳೆದುಕೊಂಡು ಹೋದರೆಂಬ ಕಥೆ ಮೈಸೂರಿನ ಮನೆಮನೆಯ ಮಾತು. ಅದೇ ಸುಮಾರಿಗೆ ಕಲ್ಕತ್ತೆ ನಮಗೆ ಬ್ರಜೇಂದ್ರನಾಥ ಸೀಲರನ್ನು ಉಪಕುಲಪತಿಗಳನ್ನಾಗಿ ಕಳಿಸಿಕೊಟ್ಟಿತು. ಈ ಲೇವಾದೇವಿಯಲ್ಲಿ ಯಾರಿಗೂ ನಷ್ಟವಾಯಿತೆಂದು ನಾನು ಹೇಳಲಾರೆ.

ಇದಕ್ಕೂ ಮುಂಚೆಯೇ ಒಂದು ಆಸ್ತಿ ನಮ್ಮಲ್ಲಿತ್ತು. 1891ರಲ್ಲಿ ಸ್ಥಾಪನೆಯಾದ ಓರಿಯಂಟಲ್ ಲೈಬ್ರರಿಗೆ ತಂಜಾವೂರು ಕಡೆಯ ಬ್ರಾಹ್ಮಣರೊಬ್ಬರು ಗ್ರಂಥಲಿಪಿಯ ಒಂದು ಓಲೆಗರಿಯ ಕಟ್ಟನ್ನು ತಂದು ಒಪ್ಪಿಸಿದರು. ಶಾಮಶಾಸ್ತ್ರಿಗಳು ಅದನ್ನು ಬಿಚ್ಚಿ ಓದಿದರು; ಅದು ಕೌಟಿಲ್ಯನ ಅರ್ಥಶಾಸ್ತ್ರ. 1909ರಲ್ಲಿ ಮೂಲ ಅಚ್ಚಾಯಿತು, 1915ರಲ್ಲಿ ಇಂಗ್ಲಿಷ್ ಅನುವಾದ. ಹೆಸರಷ್ಟೇ ಉಳಿದಿದ್ದ ಗ್ರಂಥ ಹೀಗೆ ಲೋಕದ ಕೈಸೇರಿತು. ವಿಶ್ವವಿದ್ಯಾನಿಲಯ ಹುಟ್ಟಿದಾಗ ಈ ಭಂಡಾರವೂ ಅದರ ಮಡಿಲಿಗೆ ಬಂತು. ತಂದುಕೊಟ್ಟ ಆ ಬ್ರಾಹ್ಮಣರನ್ನು ಇಂದು ನೆನೆಯುವವರು ಎಷ್ಟು ಮಂದಿ?

ಇನ್ನು ಕನ್ನಡದ ಮಾತು. ಕನ್ನಡ ದೇಶದ ಈ ವಿಶ್ವವಿದ್ಯಾನಿಲಯದಲ್ಲಿ ಕನ್ನಡ ಎಂ.ಎ. ತರಗತಿ ಆರಂಭವಾದದ್ದು 1927ರಲ್ಲಿ. ಹನ್ನೊಂದು ವರ್ಷ ಮನೆಯ ಮಗಳು ಜಗಲಿಯ ಮೇಲೆಯೇ ಕಾಯಬೇಕಾಯಿತು. ಇದನ್ನು ಓದುವಾಗ ನನಗೆ ಈಗಲೂ ಸಂಕಟವಾಗುತ್ತದೆ. ಆದರೆ ಕಾಯುತ್ತ ಸುಮ್ಮನೆ ಕೂತವರೂ ಅಲ್ಲ ಆ ಕಾಲದವರು. ಸೆಂಟ್ರಲ್ ಕಾಲೇಜಿನ ಕರ್ನಾಟಕ ಸಂಘದಿಂದ ಎ. ಆರ್. ಕೃಷ್ಣಶಾಸ್ತ್ರಿಗಳು 1919ರಲ್ಲೇ ‘ಪ್ರಬುದ್ಧ ಕರ್ಣಾಟಕ’ವನ್ನು ಹೊರಡಿಸಿದರು. ಇಂಗ್ಲಿಷ್ ಪ್ರಾಧ್ಯಾಪಕರಾದ ಬಿ. ಎಂ. ಶ್ರೀಕಂಠಯ್ಯನವರು ಊರೂರಿಗೆ ಹೋಗಿ ಕನ್ನಡದ ಪರವಾಗಿ ಭಾಷಣ ಮಾಡಿದರು. 1933ರಿಂದ ಅಧ್ಯಾಪಕರು ಹಳ್ಳಿಗಳಿಗೂ ಪಟ್ಟಣಗಳಿಗೂ ಹೋಗಿ ಕನ್ನಡದಲ್ಲಿ ಪ್ರಚಾರೋಪನ್ಯಾಸ ಮಾಡುವ ಏರ್ಪಾಡಾಯಿತು. ಆ ಉಪನ್ಯಾಸಗಳೇ ಕಡಮೆ ಬೆಲೆಯ ಸಣ್ಣ ಪುಸ್ತಕಗಳಾದವು. ಕಾಲೇಜಿನ ಮೆಟ್ಟಿಲು ಹತ್ತದವನ ಕೈಗೆ ಕಾಲೇಜಿನ ವಿದ್ಯೆ ತಲಪಿದ್ದು ಈ ದಾರಿಯಿಂದ. ವಿಶ್ವವಿದ್ಯಾನಿಲಯ ಮಾಡಿದ ಕೆಲಸಗಳಲ್ಲಿ ಇದಕ್ಕೆ ನಾನು ಮೊದಲ ಮಣೆ ಹಾಕುತ್ತೇನೆ. ಇಂಗ್ಲಿಷ್-ಕನ್ನಡ ನಿಘಂಟು 1946ರಲ್ಲಿ ಬಂತು.

ಕನ್ನಡ ಎಂ.ಎ.ಯ ಮೊದಲ ತಂಡದಲ್ಲಿ ಕುಪ್ಪಳಿಯ ಪುಟ್ಟಪ್ಪನವರು ಇದ್ದರು. 1929ರಲ್ಲಿ ತೇರ್ಗಡೆಯಾಗಿ ಅಲ್ಲಿಯೇ ಅಧ್ಯಾಪಕರಾದ ಅವರು 1956ರಲ್ಲಿ ಉಪಕುಲಪತಿಗಳಾದರು. ಈ ವಿಶ್ವವಿದ್ಯಾನಿಲಯದಲ್ಲೇ ಓದಿ ಆ ಪೀಠವೇರಿದವರಲ್ಲಿ ಅವರೇ ಮೊದಲಿಗರು. ಸಂಸ್ಥೆಗೆ ಸ್ವಂತ ಮನೆ ಬೇಕೆಂಬ ಹಂಬಲ ಕೈಗೂಡಿದ್ದು ಅವರ ಕಾಲದಲ್ಲಿ. ಕುಕ್ಕರಹಳ್ಳಿ ಕೆರೆಯ ಪಡುವಣ ದಿಣ್ಣೆಯ ಮೇಲೆ ಬಯಲು ದೊರೆಯಿತು. ರಾಜಕುಮಾರಿ ಜಯಲಕ್ಷಮ್ಮಣ್ಣಿಯವರಿಗಾಗಿ 1905ರಲ್ಲಿ ಕಟ್ಟಿದ್ದ ಜಯಲಕ್ಷ್ಮೀವಿಲಾಸ ಅರಮನೆಯನ್ನು 1959ರಲ್ಲಿ ಕೊಳ್ಳಲಾಯಿತು. ಆವರಣಕ್ಕೆ ‘ಮಾನಸಗಂಗೋತ್ರಿ’ ಎಂದು ಹೆಸರಿಟ್ಟರು. ಕವಿ ಆಡಳಿತಗಾರನಾದರೆ ಕಡತ ಕೊಳೆಯುತ್ತದೆ ಎನ್ನುವವರಿಗೆ ಈ ಆವರಣದ ಮರದ ನೆರಳೇ ಉತ್ತರ.

ಆ ಹೆಸರಿಗೆ ಎಷ್ಟು ಮಕ್ಕಳು ಮೊಮ್ಮಕ್ಕಳು ನೋಡಿ. ಕೊಣಾಜೆಯಲ್ಲಿ ಮಂಗಳಗಂಗೋತ್ರಿ, ಹಾಸನದಲ್ಲಿ ಹೇಮಗಂಗೋತ್ರಿ, ದಾವಣಗೆರೆಯಲ್ಲಿ ಶಿವಗಂಗೋತ್ರಿ, ಮುಕ್ತ ವಿಶ್ವವಿದ್ಯಾನಿಲಯಕ್ಕೆ ಮುಕ್ತಗಂಗೋತ್ರಿ. ಮಕ್ಕಳು ಬೇರೆ ಒಲೆ ಹೂಡಿದ್ದೂ ಆಯಿತು. 1964ರಲ್ಲಿ ಬೆಂಗಳೂರು ಬೇರೆಯಾಗಿ, ಸೆಂಟ್ರಲ್ ಕಾಲೇಜು ಅದರ ಪಾಲಿಗೆ ಹೋಯಿತು. 1980ರಲ್ಲಿ ಮಂಗಳೂರು, 1987ರಲ್ಲಿ ಕುವೆಂಪು ವಿಶ್ವವಿದ್ಯಾನಿಲಯ. ಈಚೆಗೆ ಹಾಸನ, ಮಂಡ್ಯ, ಚಾಮರಾಜನಗರಗಳಿಗೂ ಒಂದೊಂದಾಯಿತು. 2025ರಲ್ಲಿ ಇಂಥ ಹೊಸ ಸಂಸ್ಥೆಗಳನ್ನು ನಡೆಸಲು ಹಣವೆಲ್ಲಿ, ಮುಚ್ಚಬೇಕೆ ಎಂಬ ಚರ್ಚೆಯೂ ಎದ್ದಿತು. ಪಾಲುಪಟ್ಟಿ ಬರೆಯುವುದು ಸುಲಭ; ಪಾಲಿಗೆ ಬಂದ ಮನೆಗೆ ಹೆಂಚು ಹೊದಿಸುವುದು ಕಷ್ಟ.

ಜಯಲಕ್ಷ್ಮೀವಿಲಾಸವನ್ನೇ ನೋಡಿ. ಜೀ. ಶಂ. ಪರಮಶಿವಯ್ಯನವರೂ ಪಿ. ಆರ್. ತಿಪ್ಪೇಸ್ವಾಮಿಯವರೂ ಊರೂರು ಅಲೆದು ಕೂಡಿಸಿದ ಒನಕೆ, ಕೊಳಗ, ತೊಗಲುಗೊಂಬೆ, ಯಕ್ಷಗಾನದ ಕಿರೀಟ, ಸೋಮನ ಮುಖಗಳಿಗೆ ಅಲ್ಲಿ ಜಾಗ ಸಿಕ್ಕಿತು. ರಾಜಕುಮಾರಿಯ ಅರಮನೆಯಲ್ಲಿ ರೈತನ ಮನೆಯ ಸಾಮಾನು: ಇದಕ್ಕಿಂತ ಒಪ್ಪುವ ಜೋಡಣೆ ನನಗೆ ತೋರದು. ಮಳೆನೀರು ಮಾತ್ರ ಯಾವ ಭೇದವನ್ನೂ ಎಣಿಸಲಿಲ್ಲ. ಒಮ್ಮೆ ದುರಸ್ತಿಯಾದ ಮೇಲೂ ಕಟ್ಟಡ ಮತ್ತೆ ಶಿಥಿಲವಾಯಿತು. ಸಂಗ್ರಹಾಲಯದ ಬಾಗಿಲು ಮುಚ್ಚಬೇಕಾಯಿತು. ಕೆಲವು ವರ್ಷಗಳಿಂದ ಹೊರಗಿನವರ ನೆರವಿನಿಂದ ಜೀರ್ಣೋದ್ಧಾರದ ಕೆಲಸ ಕೈಗೊಂಡಿದ್ದಾರೆ. ಮೈಸೂರಿಗೆ ಹೋದವರು ದೊಡ್ಡ ಅರಮನೆಯ ದೀಪ ನೋಡಿದ ಮೇಲೆ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ನಡೆದು ಈ ಸಣ್ಣ ಅರಮನೆಯ ಕಡೆಗೂ ಒಮ್ಮೆ ಹೋಗಿಬರಲಿ. ಒಳಗೆ ಬಿಡದಿದ್ದರೆ ಹೊರಗಿನಿಂದಲೇ ಅದರ ಕಂಬಗಳನ್ನಾದರೂ ನೋಡಬಹುದು.