ಬಾರಾಪೇಡೆಯ ಬಾವಲಿಯೂ ಬಚ್ಚಿಡದ ವಿದ್ಯೆಯೂ

ಖಾನಾಪುರವನ್ನು ಹಾಯ್ದು ನೈಋತ್ಯಕ್ಕೆ ಸಾಗಿದರೆ ಭೀಮಗಡದ ದಟ್ಟಾರಣ್ಯವು ಸಿಗುವದು. ಮಹಾದಾಯಿಯ ಹುಟ್ಟು ಈ ಸೀಮೆಯಲ್ಲಿಯೇ. ಶಿವಾಜಿಯ ಕೋಟೆಯ ದೆಸೆಯಿಂದ ಭೀಮಗಡದ ಹೆಸರನ್ನು ವಾಚಕ ಮಹಾಶಯರು ಕೇಳಿರಬಹುದು. ಆದರೆ ಇದೇ ಕಾಡಿನ ತಳೇವಾಡಿಯ ಹತ್ತಿರವಿರುವ ಬಾರಾಪೇಡೆಯ ಗುಹೆಯು ಪ್ರಾಣಿಶಾಸ್ತ್ರಜ್ಞರಿಗೆ ನೂರು ವರುಷಗಳಿಂದಲೂ ಪರಿಚಿತವೆಂಬುದನ್ನು ನಮ್ಮ ಜಿಲ್ಲೆಯವರಲ್ಲಿ ಎಷ್ಟು ಜನ ಬಲ್ಲರು?

1883ರಲ್ಲಿ ಸ್ಥಾಪಿತವಾದ ಮುಂಬಯಿಯ ನಿಸರ್ಗೇತಿಹಾಸ ಮಂಡಳಿಯು 1911ರಲ್ಲಿ ಹಿಂದುಸ್ಥಾನದ ಸಸ್ತನಿಗಳ ಸಮೀಕ್ಷೆಯನ್ನು ಕೈಕೊಂಡಿತು. ಆ ಸಮೀಕ್ಷೆಯಲ್ಲಿ ಬಾರಾಪೇಡೆಯಿಂದ ದೊರೆತ ಬಾವಲಿಯೊಂದನ್ನು ಲಂಡನ್ನಿನ ವಸ್ತುಸಂಗ್ರಹಾಲಯದ ಓಲ್ಡ್‌ಫೀಲ್ಡ್ ಥಾಮಸ್ ಎಂಬ ಪಂಡಿತನು ಪರೀಕ್ಷಿಸಿ, ಇದು ಶಾಸ್ತ್ರಕ್ಕೆ ಹೊಸತೆಂದು ಕಂಡು, 1913ರಲ್ಲಿ ಅದರ ಲಕ್ಷಣಗಳನ್ನು ಬರೆದನು. ಮುಂಬಯಿ ಇಲಾಖೆಯಲ್ಲಿ ಅರಣ್ಯಾಧಿಕಾರಿಯಾಗಿದ್ದ ರಾಟನ್ ಸಾಹೇಬನ ಹೆಸರು ಅದಕ್ಕೆ ಸಂದಿತು. ಬಾಲವು ತೊಗಲಿನ ಪಟಲವನ್ನು ಮೀರಿ ಹೊರಚಾಚಿರುವದು ಈ ಕುಲದ ಚಿಹ್ನೆ.

ಇಲ್ಲಿ ಗಮನಿಸತಕ್ಕದ್ದು, ಥಾಮಸನು ಆ ಲಕ್ಷಣಗಳನ್ನು ತನ್ನ ಪೆಟ್ಟಿಗೆಯಲ್ಲಿಡದೆ ಮಂಡಳಿಯ ಪತ್ರಿಕೆಯಲ್ಲಿ ಅಚ್ಚುಹಾಕಿಸಿದ್ದು. ಬಾಲ್ಯದಲ್ಲಿ ನಾನು ಓದಿದ ಪಾಠಶಾಲೆಯಲ್ಲಿ ವೈದ್ಯಗ್ರಂಥದ ಓಲೆಗರಿಗಳ ಒಂದು ಕಟ್ಟು ಇದ್ದಿತು. ಪರರ ಕಣ್ಣಿಗೆ ಬೀಳಬಾರದೆಂದು ಅದನ್ನು ಸಂದುಕದಲ್ಲಿ ಬೀಗಹಾಕಿ ಇಡುತ್ತಿದ್ದರು. ಕಡೆಗೊಮ್ಮೆ ತೆರೆದಾಗ ಗೆದ್ದಲಿನ ಮಣ್ಣಿನ ಹೊರತು ಮತ್ತೇನೂ ಸಿಗಲಿಲ್ಲ. ವಿದ್ಯಾದಾನದ ಮಹಿಮೆಯನ್ನು ದಿನವೂ ಹೇಳುವವರ ಮನೆಯಲ್ಲಿಯೇ ಇದು ನಡೆಯಿತು!

ಬಹುಕಾಲ ಈ ಬಾವಲಿಯು ಬಾರಾಪೇಡೆಯಲ್ಲಲ್ಲದೆ ಜಗತ್ತಿನಲ್ಲಿ ಮತ್ತೆಲ್ಲಿಯೂ ಇಲ್ಲವೆಂದೇ ತಿಳಿಯಲಾಗಿತ್ತು. ಪ್ರಸಕ್ತ ಶತಮಾನದ ಆರಂಭದಲ್ಲಿ ಕಾಂಬೋಡಿಯದಲ್ಲಿಯೂ ಮೇಘಾಲಯದಲ್ಲಿಯೂ ಅದು ಕಂಡುಬಂದಿತು. ಕಂಡವರಿಗೆ ಗುರುತು ಹತ್ತಿದ್ದು ಹೇಗೆ? 1913ರ ಲಕ್ಷಣಗಳು ಯಾರೂ ಓದಬಹುದಾದ ಅಚ್ಚಿನಲ್ಲಿದ್ದುದರಿಂದ. ವನ್ಯಜೀವಿ ಸಂರಕ್ಷಣೆಯ ಕಾಯಿದೆಯ ಮೊದಲನೆಯ ಅನುಸೂಚಿಯಲ್ಲಿ ಹುಲಿಯೊಡನೆ ಈ ಅಂಗೈಯಗಲದ ಪ್ರಾಣಿಗೂ ಸ್ಥಾನ ದೊರೆಯಿತು. 2011ರ ಡಿಸೆಂಬರದಲ್ಲಿ 190 ಚದರ ಕಿಲೋಮೀಟರುಗಳಷ್ಟು ಅರಣ್ಯವು ಭೀಮಗಡ ಅಭಯಾರಣ್ಯವಾದಾಗಲೂ ಇದರ ಹೆಸರನ್ನು ಮುಂದುಮಾಡಿ ಹೇಳಲಾಯಿತು. ಬಾವಲಿಯ ನೆವದಿಂದ ನದಿಯ ಮೂಲಕ್ಕೂ ಕಾವಲು ದೊರೆಯಿತೆನ್ನಬೇಕು.

ಇದಕ್ಕೆ ವಿಪರೀತವಾದ ಸಂಗತಿಯೂ ಅದೇ ವರುಷ ನಡೆಯಿತು. ಮಾಧವ ಗಾಡ್ಗೀಳರ ಅಧ್ಯಕ್ಷತೆಯ ತಜ್ಞರ ಸಮಿತಿಯು ಪಶ್ಚಿಮಘಟ್ಟಗಳ ವಿಷಯಕವಾದ ವರದಿಯನ್ನು 2011ರ ಆಗಸ್ಟದಲ್ಲಿ ಕೇಂದ್ರ ಸರಕಾರಕ್ಕೆ ಒಪ್ಪಿಸಿತು. ಗ್ರಾಮಸಭೆಗಳು ಓದಿ ಚರ್ಚಿಸಲೆಂದು ಬರೆದ ಆ ವರದಿಯನ್ನು ಸರಕಾರವು ಹೊರಗೆಡಹಲಿಲ್ಲ. ಮಾಹಿತಿ ಹಕ್ಕಿನ ಮೇರೆಗೆ ಕೇಳಿದ ಅರ್ಜಿಯ ಮೇಲೆ 2012ರ ಏಪ್ರಿಲದಲ್ಲಿ ಕೇಂದ್ರ ಮಾಹಿತಿ ಆಯೋಗದ ಆಜ್ಞೆಯಾಗಿ, ದಿಲ್ಲಿಯ ಉಚ್ಚನ್ಯಾಯಾಲಯವೂ ಸರಕಾರದ ತಕರಾರನ್ನು ತಳ್ಳಿಹಾಕಿದ ತರುವಾಯವೇ, ಮೇ ತಿಂಗಳಲ್ಲಿ ಅದು ಬೆಳಕು ಕಂಡಿತು. ಅಷ್ಟರಲ್ಲಿ ಕಾಣದ ವರದಿಯ ಮೇಲೆ ಹಬ್ಬಿದ ಸಂಶಯಗಳನ್ನು ಕಂಡ ವರದಿಯು ಕಳೆಯಲಾರದಾಯಿತೆಂದು ನನ್ನ ಎಣಿಕೆ.

ಹಾಗಾದರೆ ಎಲ್ಲವನ್ನೂ ಎಲ್ಲರಿಗೂ ತೆರೆದಿಡಬೇಕೆ? ಗುಹೆಯ ದಾರಿಯನ್ನು ಸಾರಿದರೆ ದೊಂದಿ ಹಿಡಿದು ನುಗ್ಗುವವರೂ ಉಂಟು. ಹಗಲಲ್ಲಿ ಎಬ್ಬಿಸಿದ ಬಾವಲಿಗಳು ನೆಲೆಯನ್ನೇ ಬಿಟ್ಟುಹೋಗಬಹುದು. ವಿದ್ಯೆಯ ಬಾಗಿಲು ತೆರೆದಿರಲಿ, ಗುಹೆಯ ಬಾಗಿಲಿಗೆ ಕಾವಲಿರಲಿ ಎಂದು ನಾನು ಹೇಳುವೆನು.

ಮತ್ತೊಂದು ಬೀಗವುಂಟು, ಅದು ಭಾಷೆಯದು. ಮಂಡಳಿಯ ಹಳೆಯ ಸಂಪುಟಗಳನ್ನು ಈಗ ಅಂತರ್ಜಾಲದ ಜೀವವೈವಿಧ್ಯ ಪರಂಪರಾ ಗ್ರಂಥಾಲಯದಲ್ಲಿ ದುಡ್ಡಿಲ್ಲದೆ ಓದಬಹುದು. ಇಂಗ್ಲಿಷ್ ಬಾರದ ತಳೇವಾಡಿಯವನಿಗೆ ಅವು ತೆರೆದೂ ಮುಚ್ಚಿದ ಪುಸ್ತಕಗಳೇ. ಇತ್ತೀಚೆಗೆ ಆ ಊರಿನ ಕುಟುಂಬಗಳು ಪರಿಹಾರಧನ ಪಡೆದು ಕಾಡನ್ನು ಬಿಟ್ಟು ಹೊರಬರತೊಡಗಿವೆ. ಯಾವ ಪ್ರಾಣಿಗಳ ದೆಸೆಯಿಂದ ತಮ್ಮ ಕಾಡಿಗೆ ಇಷ್ಟು ಬೆಲೆ ಬಂದಿತೆಂಬುದನ್ನು ಅವರ ಭಾಷೆಯಲ್ಲಿ ಬರೆದು ಕೊಟ್ಟವರನ್ನು ನಾನಂತೂ ಕಾಣೆನು.

ಥಾಮಸನ ಆ ಬರಹವನ್ನು ಮೊಮ್ಮಗನ ನೆರವಿನಿಂದ ಕನ್ನಡಿಸಲು ಕೈಹಚ್ಚಿದ್ದೇನೆ. ಹೊರಚಾಚಿದ ಬಾಲದ ಈ ಕುಲಕ್ಕೆ ‘ಮುಕ್ತಪುಚ್ಛ’ವೆಂದು ಬರೆದಿಟ್ಟಿರುವೆನಾದರೂ ಕಿವಿಗೆ ಒರಟಾಗುತ್ತದೆ. ಖಾನಾಪುರದ ಕಾಡಿನ ಊರುಗಳಲ್ಲಿ ಈ ಬಾವಲಿಗೆ ಬೇರೆ ಹೆಸರು ಬಳಕೆಯಲ್ಲಿದ್ದರೆ, ಅದು ಮರಾಠಿಯದಾದರೂ ಸರಿಯೇ, ಬಲ್ಲವರು ಈ ಪತ್ರಿಕೆಯ ಮೂಲಕ ತಿಳಿಸಬೇಕಾಗಿ ವಿನಂತಿ.