ಕರುಳಿನ ಉರಿಯೂತ ಕಾಯಿಲೆ ಮತ್ತು ಗಿಡಮೂಲಿಕೆಗಳ ಸಾರ: ಸಾರ್ವಜನಿಕರಿಗೆ ಮಾಹಿತಿ

ಕಾಯಿಲೆಯ ಸ್ವರೂಪ

ಕರುಳಿನಲ್ಲಿ ದೀರ್ಘಕಾಲ ಉಳಿಯುವ ಉರಿಯೂತದ ಪ್ರಮುಖ ಪ್ರಕಾರಗಳು ಎರಡು. ಅಲ್ಸರೇಟಿವ್ ಕೊಲೈಟಿಸ್ ದೊಡ್ಡಕರುಳಿನ ಒಳಪದರಕ್ಕೆ ಸಂಬಂಧಿಸಿದ್ದು. ಕ್ರೋನ್ಸ್ ಕಾಯಿಲೆಯು ಬಾಯಿಯಿಂದ ಗುದದ್ವಾರದವರೆಗೆ ಜೀರ್ಣನಾಳದ ಯಾವುದೇ ಭಾಗದಲ್ಲಿ ಉಂಟಾಗಬಹುದು. ರಕ್ತಮಿಶ್ರಿತ ಭೇದಿಯನ್ನು ಮೂಲವ್ಯಾಧಿಯೆಂದೂ, ಕರುಳಿನ ಕ್ಷಯವನ್ನು ಕ್ರೋನ್ಸ್ ಎಂದೂ ಭಾವಿಸುವ ಸಾಧ್ಯತೆ ಇರುವುದರಿಂದ, ಯಾವುದೇ ಔಷಧಿಗೆ ಮುನ್ನ ವೈದ್ಯಕೀಯ ತಪಾಸಣೆ ಅಗತ್ಯ.

ಅಧ್ಯಯನಗಳಲ್ಲಿ ಕಂಡುಬಂದ ಅಂಶಗಳು

1. ಅರಿಶಿನ: ಇದರ ಸಾರವಾದ ಕರ್ಕ್ಯುಮಿನ್ ಅನ್ನು ದಿನಕ್ಕೆ 3 ಗ್ರಾಂನಂತೆ ಮೆಸಲಮೈನ್ ಔಷಧಿಯೊಂದಿಗೆ ಒಂದು ತಿಂಗಳು ನೀಡಿದಾಗ, ಕೊಲೈಟಿಸ್ ಇದ್ದ 26 ರೋಗಿಗಳಲ್ಲಿ 14 ಮಂದಿಯ ರೋಗಲಕ್ಷಣಗಳು ಶಮನಗೊಂಡವೆಂದು 2015ರಲ್ಲಿ ಪ್ರಕಟವಾದ ಅಧ್ಯಯನ ತಿಳಿಸಿದೆ. ದಿನಕ್ಕೆ 450 ಮಿಲಿಗ್ರಾಂ ನೀಡಿದ, 2017ರಲ್ಲಿ ಪ್ರಕಟವಾದ ದೆಹಲಿಯ ಅಧ್ಯಯನದಲ್ಲಿ ಪ್ರಯೋಜನ ಕಂಡುಬರಲಿಲ್ಲ. ಅಡುಗೆಯಲ್ಲಿ ಬಳಸುವ ಅರಿಶಿನವು ಈ ಸಾರಕ್ಕೆ ಸಮನಲ್ಲ.

2. ನೆಲಬೇವು: 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ದಿನಕ್ಕೆ 1800 ಮಿಲಿಗ್ರಾಂ ಸಾರ ಪಡೆದ ಕೊಲೈಟಿಸ್ ರೋಗಿಗಳ ಪೈಕಿ ಶೇ. 60ರಷ್ಟು ಮಂದಿಗೆ ಸುಧಾರಣೆ ಕಂಡಿತು. ಔಷಧರಹಿತ ಮಾತ್ರೆ ಪಡೆದವರಲ್ಲಿ ಇದು ಶೇ. 40. ಆದರೆ ಮುಂದಿನ ಹಂತದ ದೊಡ್ಡ ಪರೀಕ್ಷೆಯನ್ನು, ನಿರೀಕ್ಷಿತ ಫಲ ದೊರೆಯುವ ಸಂಭವವಿಲ್ಲವೆಂಬ ಕಾರಣಕ್ಕೆ, 2014ರಲ್ಲಿ ನಿಲ್ಲಿಸಲಾಯಿತು.

3. ಶಲ್ಲಕಿ: ಈ ಮರದ ಅಂಟಿನ ಸಾರವನ್ನು 52 ವಾರಗಳ ಕಾಲ ನೀಡಿದರೂ, ಕ್ರೋನ್ಸ್ ಕಾಯಿಲೆ ಮರುಕಳಿಸುವುದನ್ನು ತಡೆಯುವಲ್ಲಿ ಅದು ಔಷಧರಹಿತ ಮಾತ್ರೆಗಿಂತ ಮೇಲೆನಿಸಲಿಲ್ಲ (2011).

ರೋಗಿಗಳು ಗಮನಿಸಬೇಕಾದ ಅಂಶಗಳು

* ಮೇಲಿನ ಕರ್ಕ್ಯುಮಿನ್ ಫಲಿತಾಂಶವು ನಿಗದಿತ ಔಷಧಿಯ ಜೊತೆಗೆ ದೊರೆತದ್ದೇ ಹೊರತು ಅದರ ಬದಲಿಗೆ ಅಲ್ಲ. ಸೇವಿಸುತ್ತಿರುವ ಔಷಧಿಯನ್ನು ಸ್ವಇಚ್ಛೆಯಿಂದ ನಿಲ್ಲಿಸಿದಲ್ಲಿ ಕಾಯಿಲೆ ಉಲ್ಬಣಿಸುವ ಅಪಾಯವಿದೆ.
* ಅರಿಶಿನದ ಸಾರ, ವಿಶೇಷವಾಗಿ ಕಾಳುಮೆಣಸಿನ ಸತ್ವ ಬೆರೆಸಿದ್ದು, ಕೆಲವರಲ್ಲಿ ಯಕೃತ್ತಿಗೆ ಹಾನಿ ಮಾಡಿದ ಪ್ರಕರಣಗಳು ವರದಿಯಾಗಿವೆ.
* ಗರ್ಭಿಣಿಯರು ಹಾಗೂ ರಕ್ತ ಹೆಪ್ಪುಗಟ್ಟುವುದನ್ನು ತಡೆಯುವ ಔಷಧಿ ಸೇವಿಸುವವರು ವೈದ್ಯರ ಅನುಮತಿಯಿಲ್ಲದೆ ಇವುಗಳನ್ನು ಬಳಸಬಾರದು.
* ಖರೀದಿಸುವಾಗ ತಯಾರಿಕಾ ಪರವಾನಗಿ ಸಂಖ್ಯೆ, ಬ್ಯಾಚ್ ಸಂಖ್ಯೆ ಮತ್ತು ಅವಧಿ ಮುಗಿಯುವ ದಿನಾಂಕವನ್ನು ಪರಿಶೀಲಿಸುವುದು. ಲೇಬಲ್ ಇಲ್ಲದ ಪುಡಿ, ಲೇಹ್ಯಗಳನ್ನು ಬಳಸಬಾರದು.
* ತೀವ್ರ ಹೊಟ್ಟೆನೋವು, ಜ್ವರ, ಅಧಿಕ ರಕ್ತಸ್ರಾವ ಅಥವಾ ಹೊಟ್ಟೆಯುಬ್ಬರ ಉಂಟಾದಲ್ಲಿ ತಡಮಾಡದೆ ಆಸ್ಪತ್ರೆಗೆ ತೆರಳುವುದು.

ಸಲಹೆ ಪಡೆಯುವ ವಿಧಾನ

ಸಮೀಪದ ಸರ್ಕಾರಿ ಆಯುಷ್ ಆಸ್ಪತ್ರೆಗೆ ಬರುವಾಗ ಹಿಂದಿನ ತಪಾಸಣಾ ವರದಿಗಳನ್ನೂ, ಸೇವಿಸುತ್ತಿರುವ ಎಲ್ಲಾ ಔಷಧಿಗಳ ಚೀಟಿಯನ್ನೂ ತರತಕ್ಕದ್ದು. ಗಿಡಮೂಲಿಕೆ ಸೇವನೆಯ ವಿಷಯವನ್ನು ಚಿಕಿತ್ಸೆ ನೀಡುತ್ತಿರುವ ಇತರ ವೈದ್ಯರಿಗೂ ತಪ್ಪದೆ ತಿಳಿಸಲು ಕೋರಲಾಗಿದೆ.